ಹೆಸರು ಬದಲಿಸಿದ್ದಾಯ್ತು, ಇನ್ನೇನು ಬದಲಿಸಲಿ ಸ್ವಾಮೀ?

ಆಲ್ಬೇನಿಯಾದ ಸುದ್ದಿ ನೀವೂ ನೋಡಿರುತ್ತೀರಿ. ಯುರೋಪಿಯನ್ ಒಕ್ಕೂಟ ಸೇರಬೇಕಾದರೆ 33 ಅಧ್ಯಾಯಗಳ, ಅಂದರೆ ಕಾನೂನು, ಆಡಳಿತದ ಒಂದೊಂದು ವಿಷಯಕ್ಕೆ ಒಂದೊಂದರಂತೆ, ಮಾತುಕತೆ ಮುಗಿಸಬೇಕು. ಆಲ್ಬೇನಿಯಾ 2024ರ ಅಕ್ಟೋಬರ್‌ನಲ್ಲಿ ಶುರು ಹಚ್ಚಿಕೊಂಡು, 2025ರ ನವೆಂಬರ್ ಹೊತ್ತಿಗೆ ಅಷ್ಟನ್ನೂ ತೆರೆದು ಕೂತಿತು. ಪಕ್ಕದ ಉತ್ತರ ಮ್ಯಾಸಿಡೋನಿಯಾ ತೆರೆದದ್ದು ಎಷ್ಟು? ಒಂದೂ ಇಲ್ಲ. ಆಲ್ಬೇನಿಯಾ ಅರ್ಜಿ ಹಾಕಿದ್ದು 2009ರಲ್ಲಿ. ಮ್ಯಾಸಿಡೋನಿಯಾ ಹಾಕಿದ್ದು 2004ರಲ್ಲಿ. ಐದು ವರ್ಷ ಮೊದಲೇ ಬಂದು ಸಾಲಿನಲ್ಲಿ ನಿಂತವರು ಇನ್ನೂ ನಿಂತೇ ಇದ್ದಾರೆ.

ಹಾಗಂತ ಆಲ್ಬೇನಿಯಾ ಏನೋ ಮಹಾ ಗಂಭೀರ ದೇಶ ಅಂದುಕೊಳ್ಳಬೇಡಿ. ಅಲ್ಲಿಯ ಪ್ರಧಾನಿ ಎಡಿ ರಾಮಾ 2025ರ ಸೆಪ್ಟೆಂಬರ್‌ನಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ಮಂತ್ರಿ ಮಾಡಿದರು. ಹೆಸರು ದಿಯೆಲ್ಲಾ. ಪರದೆ ಮೇಲೆ ಸಾಂಪ್ರದಾಯಿಕ ಉಡುಗೆ ತೊಟ್ಟು ಬರುವ ಎಐ ಹೆಣ್ಣುಮಗಳು. ಖಾತೆ, ಸರ್ಕಾರಿ ಟೆಂಡರು. ಲಂಚ ಮುಟ್ಟುವುದಿಲ್ಲವಂತೆ. ಮುಟ್ಟುವುದಕ್ಕೆ ಕೈ ಎಲ್ಲಿದೆ? ಮುಂದಿನ ತಿಂಗಳು ರಾಮಾ ಬರ್ಲಿನ್‌ಗೆ ಹೋಗಿ, ದಿಯೆಲ್ಲಾ ಈಗ ಗರ್ಭಿಣಿ, ಹೊಟ್ಟೆಯಲ್ಲಿ 83 ಮಕ್ಕಳಿದ್ದಾರೆ ಅಂತ ಘೋಷಿಸಿದರು. ಅಂದರೆ ಅವರ ಪಕ್ಷದ 83 ಸಂಸದರಿಗೆ ತಲೆಗೊಂದು ಸಹಾಯಕ ಪ್ರೋಗ್ರಾಂ. ಗಾಂಧಾರಿಯ ಲೆಕ್ಕಕ್ಕೆ ಇನ್ನು 17 ಬಾಕಿ.

ಇದರಿಂದ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಯಾರ ನಿದ್ದೆಯೂ ಕೆಡಲಿಲ್ಲ. ಬಸುರಾದ ಪ್ರೋಗ್ರಾಂ ನಡೆಯುತ್ತದೆ. ಮ್ಯಾಸಿಡೋನಿಯಾ ಅನ್ನೋ ಹೆಸರು ಮಾತ್ರ ನಡೆಯುವುದಿಲ್ಲ.

ಈ ಕಥೆ ನಿಮಗೆ ಗೊತ್ತಿರೋದೇ. ಆದರೂ ಮೊದಲಿನಿಂದ ಒಂದು ಸಲ ನೆನಪು ಮಾಡಿಕೊಂಡರೆ ಮಜಾ ಇದೆ. 1991ರಲ್ಲಿ ಯುಗೊಸ್ಲಾವಿಯಾ ಒಡೆದು ಈ ದೇಶ ಸ್ವತಂತ್ರವಾಯಿತು. ಕೆಳಗಡೆಯಿಂದ ಗ್ರೀಸ್ ಎದ್ದು ನಿಂತಿತು. ಮ್ಯಾಸಿಡೋನಿಯಾ ಅಂದರೆ ನಮ್ಮ ಉತ್ತರದ ಸೀಮೆ, ಅಲೆಕ್ಸಾಂಡರ್ ನಮ್ಮವನು, ಈ ಹೆಸರು ಇಟ್ಟುಕೊಳ್ಳೋಕೆ ನೀವು ಯಾರು? ಸರಿ, 1993ರಲ್ಲಿ ವಿಶ್ವಸಂಸ್ಥೆ ಒಂದು ತಾತ್ಕಾಲಿಕ ಹೆಸರು ಕೊಟ್ಟು ಒಳಗೆ ಕರೆಯಿತು. 'ದಿ ಫಾರ್ಮರ್ ಯುಗೊಸ್ಲಾವ್ ರಿಪಬ್ಲಿಕ್ ಆಫ್ ಮ್ಯಾಸಿಡೋನಿಯಾ'. ರೈಲ್ವೆ ಟಿಕೆಟ್ಟಿನಲ್ಲಿ ಹಿಡಿಸದಂಥ ಹೆಸರು. ಆಮೇಲೆ ಕುರ್ಚಿಯ ಪ್ರಶ್ನೆ ಬಂತು. ಅಕ್ಷರಮಾಲೆಯ ಪ್ರಕಾರ ಎಲ್ಲಿ ಕೂರಿಸೋದು? 'ಎಂ' ಸಾಲಿಗೆ ಗ್ರೀಸ್ ಒಪ್ಪಲಿಲ್ಲ. 'ಎಫ್' ಸಾಲಿಗೆ ಇವರು ಒಪ್ಪಲಿಲ್ಲ. ನಾವು 'ಮಾಜಿ' ಅಂತ ಹಣೆಪಟ್ಟಿ ಕಟ್ಟಿಕೊಂಡು ಯಾಕೆ ಕೂರಬೇಕು ಅಂದರು. ಕೊನೆಗೆ ಹೆಸರಿನ ಮೊದಲಿಗೆ 'ದಿ' ಇತ್ತಲ್ಲ, ಅದರ 'ಟಿ' ಹಿಡಿದು ಥಾಯ್ಲೆಂಡ್ ಪಕ್ಕ ಕೂರಿಸಿದರು. ಜಗತ್ತಿನ ರಾಜತಾಂತ್ರಿಕರೆಲ್ಲ ಸೇರಿ ಯೋಚಿಸಿದ್ದರ ಫಲ ಇದು.

ಬಾವುಟಕ್ಕೂ ಅದೇ ಗತಿ. ಮೊದಲ ಬಾವುಟದಲ್ಲಿ 16 ಕಿರಣಗಳ ಸೂರ್ಯ ಇದ್ದ. ಅವನೂ ನಮ್ಮವನೇ ಅಂತು ಗ್ರೀಸ್. 1994ರಲ್ಲಿ ವ್ಯಾಪಾರ ದಿಗ್ಬಂಧನ ಹಾಕಿತು. ಸಮುದ್ರವೇ ಇಲ್ಲದ ದೇಶಕ್ಕೆ ಪಕ್ಕದವರ ಬಂದರು ಮುಚ್ಚಿದರೆ ಏನಾಗಬೇಕು? 1995ರಲ್ಲಿ ಹೊಸ ಬಾವುಟ ಬಂತು. ಅದರಲ್ಲೂ ಸೂರ್ಯ ಇದ್ದಾನೆ, ಆದರೆ ಕಿರಣ ಎಂಟೇ. ಅರ್ಧ ಬೆಳಕು ಕಟ್.

2008ರಲ್ಲಿ ನ್ಯಾಟೊ ಬಾಗಿಲಿಗೂ ಗ್ರೀಸ್ ಅಡ್ಡ ನಿಂತಿತು. ಇವರು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಗೆದ್ದರು. 15 ನ್ಯಾಯಮೂರ್ತಿಗಳು ಇವರ ಪರ, ಒಬ್ಬರು ವಿರುದ್ಧ. ಗೆದ್ದು ಏನಾಯಿತು ಅಂತೀರಾ? ಏನೂ ಆಗಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆಯನ್ನು ಸ್ವಲ್ಪ ತಿದ್ದಿ ಓದಿಕೊಳ್ಳಿ. ಇಲ್ಲಿ ಸೋತವನು ಆರಾಮಾಗಿದ್ದ.

ಇಷ್ಟು ಹೊತ್ತಿಗೆ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆಯವರಿಗೂ ತಲೆ ಕೆಟ್ಟಿತ್ತು. ಪ್ರಧಾನಿ ನಿಕೋಲಾ ಗ್ರುಯೆವ್‌ಸ್ಕಿ 'ಸ್ಕೋಪ್ಯೆ 2014' ಅಂತ ಒಂದು ಯೋಜನೆ ತಂದರು. ಬಡ ದೇಶದ ರಾಜಧಾನಿ ತುಂಬ ಪ್ರತಿಮೆಗಳು, ವಿಜಯ ಕಮಾನು, ಗ್ರೀಕ್ ಕಂಬಗಳ ಕಚೇರಿಗಳು. ಕೋಟಿಗಟ್ಟಲೆ ಯೂರೋ ಸುರಿದರು. ಮುಖ್ಯ ಚೌಕದಲ್ಲಿ ಕುದುರೆ ಏರಿ ಕತ್ತಿ ಎತ್ತಿದ ಒಬ್ಬ ಭಾರೀ ವೀರ. ನೋಡಿದ ಮಗುವೂ ಅಲೆಕ್ಸಾಂಡರ್ ಅನ್ನುತ್ತದೆ. ಆದರೆ ಅಧಿಕೃತ ಹೆಸರು 'ಕುದುರೆ ಮೇಲಿನ ಯೋಧ'. ಯಾರೋ ಒಬ್ಬ ಯೋಧ, ಯಾವುದೋ ಕುದುರೆ, ದಾರಿಯಲ್ಲಿ ಹೋಗುತ್ತಿದ್ದರು, ಹಿಡಿದು ನಿಲ್ಲಿಸಿದ್ದೇವೆ ಅನ್ನೋ ಹಾಗೆ. ವಾರ್ದಾರ್ ನದಿಯಲ್ಲಿ ಹಳೇ ಕಾಲದ ಹಾಯಿ ಹಡಗಿನ ಆಕಾರದ ಕಟ್ಟಡಗಳನ್ನೂ ಕಟ್ಟಿದರು. ಸಮುದ್ರ ಇಲ್ಲದ ದೇಶದ ನೌಕಾಪಡೆ ಕಾಂಕ್ರೀಟಿನಲ್ಲೇ ಇರಬೇಕು ತಾನೆ? 2016ರಲ್ಲಿ ಜನ ರೊಚ್ಚಿಗೆದ್ದು ಈ ಪ್ರತಿಮೆ, ಕಟ್ಟಡಗಳಿಗೆಲ್ಲ ಬಣ್ಣದ ಉಂಡೆ ಎಸೆದರು. ಬಿಡಿ, ಪ್ರತಿಮೆ ವಿಷಯದಲ್ಲಿ ನಾವು ಬಾಯಿ ಮುಚ್ಚಿಕೊಂಡಿರೋದೇ ವಾಸಿ.

ಈ ಗ್ರುಯೆವ್‌ಸ್ಕಿ ಮುಂದೇನಾದರು ಗೊತ್ತಲ್ಲ? ಸರ್ಕಾರಿ ದುಡ್ಡಿನಲ್ಲಿ ಐಷಾರಾಮಿ ಮರ್ಸಿಡಿಸ್ ಕಾರು ಕೊಂಡ ಪ್ರಕರಣದಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು. 2018ರ ನವೆಂಬರ್‌ನಲ್ಲಿ ಜೈಲಿಗೆ ಹೋಗಬೇಕಿದ್ದವರು ಹಂಗೇರಿಗೆ ಹೋದರು. ಹಂಗೇರಿ ಆಶ್ರಯ ಕೊಟ್ಟು ಕೂರಿಸಿಕೊಂಡಿತು. ಹಂಗೇರಿ ಒಕ್ಕೂಟದ ಸದಸ್ಯ ದೇಶ. ಹಾಗಾಗಿ ಒಂದೂ ಅಧ್ಯಾಯ ತೆರೆಯದೆ ಯುರೋಪಿಯನ್ ಒಕ್ಕೂಟ ಸೇರಿದ ಕೀರ್ತಿ ಅವರೊಬ್ಬರಿಗೆ ಸಲ್ಲಬೇಕು.

ಯಾರು ಯಾರವರು ಅನ್ನೋ ಈ ಜಗಳ ಆ ಕಡೆ ಎಷ್ಟು ಹಳೆಯದೋ ಅಷ್ಟೇ ದಣಿವಿಲ್ಲದ್ದು. ನಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನೇ ನೋಡಿ. ಮದರ್ ತೆರೇಸಾ ಹುಟ್ಟಿದ್ದು 1910ರಲ್ಲಿ, ಇದೇ ಸ್ಕೋಪ್ಯೆಯಲ್ಲಿ. ಆಗ ಅದು ಆಟೋಮನ್ ಸಾಮ್ರಾಜ್ಯದ ಊರು. ಮನೆಯವರು ಆಲ್ಬೇನಿಯನ್ನರು. ಹಾಗಾಗಿ ಆಲ್ಬೇನಿಯಾ ತನ್ನ ರಾಜಧಾನಿ ಟಿರಾನಾದ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಟ್ಟಿತು. ಸ್ಕೋಪ್ಯೆ 2009ರಲ್ಲಿ ಅವರ ಸ್ಮಾರಕ ಭವನ ಕಟ್ಟಿತು. ಆ ತಾಯಿ ಬದುಕಿದ್ದು, ಸತ್ತದ್ದು, ಮಣ್ಣಾದದ್ದು ಎಲ್ಲ ಕಲ್ಕತ್ತೆಯಲ್ಲಿ. ಪೌರತ್ವ ಭಾರತದ್ದು. ಬಂಗಾಳದವರು ಈ ವಿಷಯಕ್ಕೆ ಯಾರಿಗೂ ವೀಟೊ ಹಾಕಿದ್ದು ಕೇಳಿಲ್ಲ. ಇನ್ನು ಸ್ಕೋಪ್ಯೆ ತನ್ನ ವಿಮಾನ ನಿಲ್ದಾಣಕ್ಕೆ ಯಾರ ಹೆಸರಿಟ್ಟಿತ್ತು? ಅಲೆಕ್ಸಾಂಡರ್ ದಿ ಗ್ರೇಟ್. ಗ್ರೀಸಿನ ಹೊಟ್ಟೆ ಉರಿಸಲಿಕ್ಕೇ ಇಟ್ಟದ್ದು, ಅದರಲ್ಲಿ ಅನುಮಾನ ಬೇಡ. 2018ರಲ್ಲಿ ಅದನ್ನೂ ತೆಗೆದರು.

ತೆಗೆಯುವ ಕೆಲಸ ಅಲ್ಲಿಂದಲೇ ಜೋರಾಗಿದ್ದು. ಹೊಸ ಪ್ರಧಾನಿ ಜೊರಾನ್ ಜಾಯೆವ್ ಮತ್ತು ಗ್ರೀಸಿನ ಪ್ರಧಾನಿ ಸಿಪ್ರಾಸ್ 2018ರ ಜೂನ್‌ನಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದ ಮಾಡಿಕೊಂಡರು. ದೇಶದ ಹೆಸರಿನ ಹಿಂದೆ 'ಉತ್ತರ' ಸೇರಿಸಬೇಕು. ಜನಮತ ಕೇಳಿದರು. ಯುರೋಪಿಯನ್ ಒಕ್ಕೂಟ, ನ್ಯಾಟೊ ಸದಸ್ಯತ್ವಕ್ಕಾಗಿ ಗ್ರೀಸ್ ಜೊತೆಗಿನ ಒಪ್ಪಂದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಅನ್ನೋದು ಪ್ರಶ್ನೆ. ಸಿಹಿ ಎರಡು, ನಡುವೆ ಕಹಿ ಮಾತ್ರೆ. ವೋಟು ಹಾಕಿದವರಲ್ಲಿ ಶೇ 90ಕ್ಕಿಂತ ಜಾಸ್ತಿ ಜನ ಹೌದು ಅಂದರು. ಆದರೆ ಮತಗಟ್ಟೆಗೆ ಬಂದದ್ದೇ ಶೇ 37ರಷ್ಟು. ಉಳಿದವರು ಮನೆಯಲ್ಲೇ ಕೂತರು. ಸಂಸತ್ತಿನಲ್ಲಿ ಹೇಗೋ ಮೂರನೇ ಎರಡರಷ್ಟು ಮತ ಹೊಂದಿಸಿ 2019ರ ಫೆಬ್ರವರಿಯಲ್ಲಿ ಹೆಸರು ಬದಲಾಯಿತು. ಬೋರ್ಡು, ಸೀಲು, ಲೆಟರ್‌ಹೆಡ್ಡು, ನಂಬರ್ ಪ್ಲೇಟು, ಎಲ್ಲ. ಹಳೇ ಹೆಸರಿನ ಪಾಸ್‌ಪೋರ್ಟು 2024ರ ಫೆಬ್ರವರಿಯಿಂದ ನಡೆಯೋದಿಲ್ಲ ಅಂದಾಗ ಜನ ಹೊಸದಕ್ಕಾಗಿ ಸಾಲುಗಟ್ಟಿ ನಿಂತರು.

ಯುರೋಪಿನವರು ಚಪ್ಪಾಳೆ ತಟ್ಟಿದರು. ಎಂಥಾ ಧೈರ್ಯ, ಎಂಥಾ ದೂರದೃಷ್ಟಿ! ಇಷ್ಟೆಲ್ಲ ಹೊಗಳಿ, 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಮ್ಯಾಕ್ರೋನ್ ಬೇಡ ಅಂದುಬಿಟ್ಟರು. ಯಾಕೆ? ಒಕ್ಕೂಟಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ವಿಧಾನವೇ ಸರಿಯಿಲ್ಲ, ಮೊದಲು ಅದನ್ನು ರಿಪೇರಿ ಮಾಡೋಣ ಅಂತ. ಇವರು ಹೆಸರು ಬದಲಿಸುವ ಮೊದಲು ಈ ಜ್ಞಾನೋದಯ ಆಗಬಾರದಿತ್ತೇ? ಜಾಯೆವ್ ಅವಧಿಗೆ ಮುಂಚೆಯೇ ಚುನಾವಣೆ ಕರೆಯಬೇಕಾಯಿತು.

2020ರಲ್ಲಿ ಫ್ರಾನ್ಸ್ ಒಪ್ಪಿತು. ನ್ಯಾಟೊ ಸದಸ್ಯತ್ವವೂ ಸಿಕ್ಕಿತು. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಬಲ ಮಗ್ಗುಲಿನಿಂದ ಬಲ್ಗೇರಿಯಾ ಕೆಮ್ಮಿತು.

ಬಲ್ಗೇರಿಯಾದ್ದು ಇನ್ನೂ ಚೆಂದದ ತಕರಾರು. 1992ರಲ್ಲಿ ಈ ದೇಶವನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡದ್ದು ಅದೇ. ಆದರೆ ದೇಶ ಇದೆ, ಭಾಷೆ ಇಲ್ಲ. ನೀವು ಆಡೋದು ಬಲ್ಗೇರಿಯನ್ ಭಾಷೆಯ ಒಂದು ಬಗೆ, ನಿಮ್ಮ ಚರಿತ್ರೆ ನಮ್ಮದೇ ಚರಿತ್ರೆ. ಇದನ್ನು ಒಪ್ಪಿ, ಆಮೇಲೆ ಒಳಗೆ ಬನ್ನಿ. 2025ರಲ್ಲಿ ನಟರೊಬ್ಬರು ಚೆನ್ನೈನಲ್ಲಿ ಕೂತು ಕನ್ನಡ ಹುಟ್ಟಿದ್ದೇ ತಮಿಳಿನಿಂದ ಅಂದರು ನೋಡಿ. ಅವರ ಸಿನಿಮಾ ಕರ್ನಾಟಕದಲ್ಲಿ ಬಿಡುಗಡೆಯೇ ಆಗಲಿಲ್ಲ. ಇಲ್ಲಿ ಹಾಗೆ ಅನ್ನುತ್ತಿರುವುದು ಒಂದು ಸರ್ಕಾರ, ಅದರ ಕೈಯಲ್ಲಿ ವೀಟೊ ಇದೆ. ಒಕ್ಕೂಟದ 27 ದೇಶಗಳಲ್ಲಿ ಒಂದು ತಲೆಯಾಡಿಸದಿದ್ದರೂ ಕಡತ ಮುಂದೆ ಹೋಗುವಂತಿಲ್ಲ.

ಎರಡೂ ಕಡೆಯ ಇತಿಹಾಸಕಾರರ ಜಂಟಿ ಆಯೋಗ ಒಂದಿದೆ. 2018ರಿಂದ ಕೂಡುತ್ತಾರೆ, ಚರ್ಚಿಸುತ್ತಾರೆ, ಏಳುತ್ತಾರೆ. ಅವರ ದೊಡ್ಡ ತಲೆನೋವು ಗೊತ್ಸೆ ದೆಲ್ಚೆವ್. ತುರ್ಕರ ವಿರುದ್ಧ ಹೋರಾಡಿ 1903ರಲ್ಲಿ ಸತ್ತ ಕ್ರಾಂತಿಕಾರಿ. ಬಲ್ಗೇರಿಯಾಕ್ಕೂ ಅವನೇ ವೀರ, ಮ್ಯಾಸಿಡೋನಿಯಾಕ್ಕೂ ಅವನೇ ವೀರ. ಅವನ ಎಲುಬುಗಳನ್ನು 1946ರಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾದಿಂದ ಸ್ಕೋಪ್ಯೆಗೆ ಕಳಿಸಿಕೊಟ್ಟಿದ್ದರು. ಈಗ ಆ ಎಲುಬು ಯಾವ ಜನಾಂಗದ್ದು ಅಂತ ವಿದ್ವಾಂಸರು ತೀರ್ಮಾನಿಸಬೇಕು. ಅವನು ಹುಟ್ಟಿದ ಊರು ಇವತ್ತು ಗ್ರೀಸಿನಲ್ಲಿದೆ. ಗ್ರೀಸ್‌ಗೆ ಯಾರೂ ನೆನಪು ಮಾಡಬೇಡಿ, ದಮ್ಮಯ್ಯ.

2022ರಲ್ಲಿ ಫ್ರಾನ್ಸೇ ಮಧ್ಯಸ್ಥಿಕೆ ವಹಿಸಿ ಒಂದು ಸೂತ್ರ ಮಾಡಿತು. ಮ್ಯಾಸಿಡೋನಿಯಾ ತನ್ನ ಸಂವಿಧಾನದ ಪೀಠಿಕೆಯಲ್ಲಿ ಬಲ್ಗೇರಿಯನ್ನರ ಹೆಸರು ಸೇರಿಸಬೇಕು. 2021ರ ಜನಗಣತಿಯ ಪ್ರಕಾರ ಆ ದೇಶದ 18 ಲಕ್ಷ ಚಿಲ್ಲರೆ ಜನರಲ್ಲಿ ಬಲ್ಗೇರಿಯನ್ನರು 3,504. ಸೇರಿಸಲಿ, ತಪ್ಪೇನಿಲ್ಲ. ಕಮ್ಮಿ ಇದ್ದವರಿಗೂ ಹೆಸರು ಬೇಕು. ಆದರೆ ಅದಕ್ಕೆ 120 ಸಂಸದರಲ್ಲಿ 80 ಮತ ಬೇಕು, ಅಷ್ಟು ಮತ ಸಿಗಲಿಲ್ಲ. 2024ರ ಚುನಾವಣೆಯಲ್ಲಿ ಗ್ರುಯೆವ್‌ಸ್ಕಿಯ ಹಳೇ ಪಕ್ಷವೇ ಗೆದ್ದು ಬಂತು. ಹೊಸ ರಾಷ್ಟ್ರಾಧ್ಯಕ್ಷೆ ಪ್ರಮಾಣವಚನದಲ್ಲಿ 'ಉತ್ತರ' ಬಿಟ್ಟು ಬರೀ ಮ್ಯಾಸಿಡೋನಿಯಾ ಅಂದರು. ಗ್ರೀಸಿನ ರಾಯಭಾರಿ ಎದ್ದು ಹೊರಗೆ ನಡೆದರು. ಈಗಿನ ಸರ್ಕಾರ ಕೇಳುತ್ತಿರೋದು ಒಂದೇ. ಇದೇ ಕೊನೇ ಷರತ್ತು ಅಂತ ಗ್ಯಾರಂಟಿ ಕೊಡಿ. ಕೇಳೋದರಲ್ಲಿ ರಾಜಕೀಯ ಇದೆ, ನಾಟಕವೂ ಇದೆ. ಆದರೂ ನ್ಯಾಯ ಇದೆ ಅಲ್ವಾ? ಗ್ಯಾರಂಟಿ ಯಾರೂ ಕೊಡುತ್ತಿಲ್ಲ. ಯಾರು ಕೊಡುತ್ತಾರೆ? ನಾಳೆ ಇನ್ನೊಬ್ಬರಿಗೆ ಚುನಾವಣೆ ಬಂದರೆ ಹೊಸ ಷರತ್ತು ಬೇಕಾಗುತ್ತದಲ್ಲ. ಬಲ್ಗೇರಿಯಾ 2021ರಿಂದ 2024ರೊಳಗೆ ಏಳು ಸಲ ಸಂಸತ್ ಚುನಾವಣೆ ಮಾಡಿದ ದೇಶ. ಅಷ್ಟು ಸಲ ಮತ ಕೇಳೋಕೆ ಹೋಗುವವನಿಗೆ ಬಾಗಿಲಲ್ಲಿ ನಿಂತ ನೆರೆಯವನು ಎಷ್ಟು ಅನುಕೂಲ!

2025ರ ಮಾರ್ಚ್‌ನಲ್ಲಿ ಕೊಚಾನಿ ಅನ್ನೋ ಊರಿನ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. ಸುಮಾರು 60 ಜನ ಸತ್ತರು, ಹೆಚ್ಚಿನವರು ಹುಡುಗರು, ಹುಡುಗಿಯರು. ಕ್ಲಬ್ಬಿನ ಲೈಸೆನ್ಸೇ ಅಕ್ರಮ ಅಂತ ಸರ್ಕಾರವೇ ಹೇಳಿತು. ಲಂಚದ ಅನುಮಾನ. ಜನ ಬೀದಿಗಿಳಿದು ಕೂಗಿದ್ದು ಅದನ್ನೇ. ಅಲೆಕ್ಸಾಂಡರನ ಬಗ್ಗೆ ಯಾರೂ ಕೂಗಲಿಲ್ಲ. ಆ ದೇಶಕ್ಕೆ ಯುರೋಪು ಬೇಕಾಗಿದ್ದರೆ ಇದಕ್ಕೆ ಬೇಕಾಗಿತ್ತು. ಲೈಸೆನ್ಸ್ ಕೊಡುವವನಿಗೆ ಭಯ ಇರಲಿ, ಕೋರ್ಟಿಗೆ ಬೆನ್ನುಮೂಳೆ ಇರಲಿ ಅಂತ. ಬ್ರಸೆಲ್ಸಿನ ವರದಿಗಳಲ್ಲಿ ಭ್ರಷ್ಟಾಚಾರದ ಬಗ್ಗೆ ಪ್ರತಿ ವರ್ಷ ಪುಟಗಟ್ಟಲೆ ಬರೆಯುತ್ತಾರೆ, ಇಲ್ಲ ಅನ್ನಲ್ಲ. ಆದರೆ ಬಾಗಿಲು ಹಾಕಿದ್ದು ಆ ಕಾರಣಕ್ಕಲ್ಲ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲ. ಹೆಸರಿಗೆ ಹಾಕಿದರು, ಭಾಷೆಗೆ ಹಾಕಿದರು, ಸತ್ತವನ ಎಲುಬಿಗೆ ಹಾಕಿದರು. ಒಳಗಿನ ಕಳ್ಳರಿಗೂ ಇದೇ ಬೇಕಿತ್ತು. ದೇಶದ ಮಾನ ಕಾಪಾಡುವ ಕೆಲಸ ಇರುವಾಗ ಕ್ಲಬ್ಬಿನ ಲೈಸೆನ್ಸ್ ನೋಡೋಕೆ ಯಾರಿಗೆ ಪುರಸೊತ್ತು?

ಹುಡುಗರಂತೂ ಕಾಯುವುದನ್ನು ಬಿಟ್ಟು ಬಹಳ ದಿನ ಆಯಿತು. ಜರ್ಮನಿಗೋ ಇಟಲಿಗೋ ಹೋಗಿ ದುಡಿಯಬೇಕಾದರೆ ಒಕ್ಕೂಟದ ಪಾಸ್‌ಪೋರ್ಟ್ ಇದ್ದರೆ ಸಲೀಸು. ಅದಕ್ಕೊಂದು ಅಡ್ಡದಾರಿ ಇದೆ. ನನ್ನ ಮೂಲ ಬಲ್ಗೇರಿಯನ್ ಅಂತ ಅರ್ಜಿ ಬರೆದುಕೊಟ್ಟರೆ ಬಲ್ಗೇರಿಯಾ ಪೌರತ್ವ ಕೊಡುತ್ತದೆ. ಯಾವ ಅಧ್ಯಾಯವೂ ಬೇಡ, ಯಾವ ಆಯೋಗವೂ ಬೇಡ. ಹಾಗೆ ಬರೆದುಕೊಟ್ಟು ಕೆಂಪು ಪಾಸ್‌ಪೋರ್ಟ್ ಹಿಡಿದು ಹೊರಟವರು ಹತ್ತಾರು ಸಾವಿರ. ಜನಗಣತಿಯವರು ಮನೆ ಬಾಗಿಲಿಗೆ ಬಂದು ಕೇಳಿದಾಗ ಮಾತ್ರ 3,504.