ಬಿಜೈಯಿಂದ ಬಸ್ಸು ಹತ್ತಿ ತಿಮ್ಮಯ್ಯನವರ ಮನೆಗೆ

ಅಕ್ಕನ ಮಗ ಸೇನೆಯ ಆಫೀಸರ್ ಆಗಲು ಬರೆಯುವ ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾದ. ಮನೆಯಲ್ಲಿ ಖುಷಿಗಿಂತ ಗಾಬರಿಯೇ ಜಾಸ್ತಿ. "ಎಂತಕ್ಕೆ ಮಾರಾಯ ಈ ಮಿಲಿಟರಿ? ಬ್ಯಾಂಕಿನ ಪರೀಕ್ಷೆ ಕಟ್ಟು" ಅಂದರು ಭಾವ. ಅವರನ್ನು ದೂರುವುದಿಲ್ಲ. ಮಂಗಳೂರು, ಉಡುಪಿ ಕಡೆ ಯಾವ ಮನೆಗೆ ಹೋದರೂ ಒಬ್ಬರಾದರೂ ಬ್ಯಾಂಕಿನವರು ಇರುತ್ತಾರೆ, ಇಲ್ಲವೇ ಗಲ್ಫಿನವರು. ಸೇನೆಯ ಆಫೀಸರ್ ಅಂದರೆ ಘಟ್ಟದ ಮೇಲಿನವರ ಕೆಲಸ ಅಂದುಕೊಂಡಿದ್ದೇವೆ.

1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಶುರುವಾಯಿತು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. ಅದೇ ವರ್ಷ ಮಡಿಕೇರಿಯಲ್ಲಿ ಹುಟ್ಟಿದವರು ಜನರಲ್ ಕೆ.ಎಸ್. ತಿಮ್ಮಯ್ಯ. ನಮ್ಮ ಮಕ್ಕಳಿಗೆ ಮೊದಲ ಎರಡರ ಕಥೆ ಗೊತ್ತು, ಮೂರನೆಯದು ಗೊತ್ತಿಲ್ಲ.

ಅದಕ್ಕೇ ಹುಡುಗನನ್ನು ಕರೆದುಕೊಂಡು ಮಂಗಳೂರಿನ ಬಿಜೈಯಲ್ಲಿ ಬಸ್ಸು ಹತ್ತಿದೆ. ಪುತ್ತೂರು, ಸುಳ್ಯ, ಸಂಪಾಜೆ ಘಾಟಿ, ಆಮೇಲೆ ಮಡಿಕೇರಿ. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ.

ಹುಡುಗ ಜೋಜಿ ಲಾ ಕಥೆಗೆ ಮರುಳಾದ. ಆಗದೆ ಇರುತ್ತದಾ? ಕಾಶ್ಮೀರದಿಂದ ಲಡಾಖಿಗೆ ಹೋಗುವ ಬೆಟ್ಟದ ದಾರಿ ಅದು. 1948ರ ನವೆಂಬರ್ 1. ಹನ್ನೊಂದು ಸಾವಿರ ಅಡಿಗಿಂತ ಎತ್ತರ, ಹಿಮ ಬೀಳುತ್ತಿದೆ. ಅಲ್ಲಿಗೆ ಟ್ಯಾಂಕ್ ಬರುತ್ತದೆ ಅಂತ ಪಾಕಿಸ್ತಾನದ ಕಡೆಯವರು ಕನಸಲ್ಲೂ ಎಣಿಸಿರಲಿಲ್ಲ. ಗುಟ್ಟು ಬಿಡದಂತೆ ಟ್ಯಾಂಕಿನ ಮೇಲ್ಭಾಗ ಬಿಚ್ಚಿ, ಟಾರ್ಪಾಲು ಮುಚ್ಚಿ ಜಮ್ಮುವಿನಿಂದ ಸಾಗಿಸಿದ್ದರು. ಹೇಸರಗತ್ತೆ ಹೋಗುವ ದಾರಿಯನ್ನು ಅಗಲ ಮಾಡಿದ್ದರು. ಮೇಜರ್ ಜನರಲ್ ತಿಮ್ಮಯ್ಯ ಹಿಂದೆ ಕೂತು ಆರ್ಡರ್ ಕೊಡಲಿಲ್ಲ, ಮುಂದಿನ ಟ್ಯಾಂಕಿನಲ್ಲಿ ತಾವೇ ಇದ್ದರು.

ಆದರೆ ನನಗೆ ಅದಕ್ಕಿಂತ ದೊಡ್ಡದು ಕೊರಿಯಾ. 1953ರಲ್ಲಿ ಯುದ್ಧ ನಿಂತಾಗ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ಸ್ವಂತ ದೇಶಕ್ಕೆ ಹೋಗುವುದಿಲ್ಲ ಅಂತ ಕೂತಿದ್ದರು. ಅವರ ವಿಷಯ ನೋಡಿಕೊಳ್ಳಲು ಐದು ದೇಶಗಳ ಆಯೋಗ, ಅದಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕಾವಲಿಗೆ ಭಾರತದ ಸೈನಿಕರು. ಎರಡೂ ಕಡೆಯವರು ಬೈಯುತ್ತಿದ್ದರು. ಕ್ಯಾಂಪಿನೊಳಗೆ ಗಲಾಟೆ. ಆದರೂ ಹೊಡೆದು ಬಡಿದು ಯಾರನ್ನೂ ಊರಿಗೆ ಅಟ್ಟಲಿಲ್ಲ. ಕೊನೆಗೆ ಯಾವ ಕಡೆಯೂ ಬೇಡ ಅಂದ 88 ಮಂದಿ ನಮ್ಮ ಸೈನಿಕರ ಜೊತೆ ಭಾರತಕ್ಕೇ ಬಂದರು! ಕೈಯಲ್ಲಿ ಬಂದೂಕು ಇದ್ದೂ ತಡೆದುಕೊಳ್ಳುವುದು ಸುಮ್ನೆ ಬರುವುದಿಲ್ಲ.

1957ರಿಂದ 61ರವರೆಗೆ ಅವರು ಸೇನೆಯ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಸರಿಹೋಗದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ತಿಮ್ಮಯ್ಯ ಅಂದರೆ ಎಲ್ಲರೂ ಇದನ್ನೇ ಎತ್ತುತ್ತಾರೆ, ನನಗೆ ಬೇಜಾರು. ನಿವೃತ್ತಿಯಾದ ಮೇಲೂ ವಿಶ್ವಸಂಸ್ಥೆ ಕರೆಯಿತು ಅಂತ ಸೈಪ್ರಸ್ಸಿಗೆ ಹೋದರು. ಅಲ್ಲೇ, ಕೆಲಸದಲ್ಲಿದ್ದಾಗಲೇ, 1965ರ ಡಿಸೆಂಬರಿನಲ್ಲಿ ತೀರಿಕೊಂಡರು.

ವಾಪಸ್ ಬರುವಾಗ ಹುಡುಗ ಪುತ್ತೂರಿನವರೆಗೆ ಮಾತಾಡಲಿಲ್ಲ. ಆಮೇಲೆ ಕೇಳಿದ, "ಮಾವ, ಆ 88 ಮಂದಿ ಆಮೇಲೆ ಎಂತ ಮಾಡಿದರು?" ರಾತ್ರಿ ಊಟಕ್ಕೆ ಕೂತಾಗ ಕೊರಿಯಾದ ಕಥೆಯನ್ನು ಅವನೇ ಅಪ್ಪನಿಗೆ ಹೇಳಿದ. ಭಾವ ಕೈ ತೊಳೆದು ಬಂದು, "ಎಸ್‌ಎಸ್‌ಬಿ ಇಂಟರ್‌ವ್ಯೂ ಬೆಂಗಳೂರಲ್ಲಿ ಎಷ್ಟು ದಿನ?" ಅಂತ ಕೇಳಿದರು.

"ಐದು ದಿನ ಅಪ್ಪ."

"ಬಸ್ಸಿಗೆ ಎರಡು ಟಿಕೆಟ್ ಮಾಡು. ನಾನೂ ಬರ್ತೇನೆ."