ಭೀಮನ ಅಮಾವಾಸ್ಯೆ: ಗಂಡನ ಆಯಸ್ಸಿಗೆ ಹೆಂಡತಿಯ ಉಪವಾಸ ಬೇಕೇ?

ಪರ

ಗಂಡನ ಆಯಸ್ಸಿಗಾಗಿ ಹೆಂಡತಿ ಮಾಡುವ ಭೀಮನ ಅಮಾವಾಸ್ಯೆ ದಿನವಿಡೀ ಹೊಟ್ಟೆ ಕಟ್ಟುವ ವ್ರತ ಎಂದು ಗೊಣಗುವವರು ಬಹುಶಃ ಟೀವಿಯ ಕರ್ವಾ ಚೌತ್ ನೋಡಿದವರು. ಅಲ್ಲಿ ಚಂದ್ರ ಕಾಣುವವರೆಗೆ ನೀರೂ ಇಲ್ಲ. ನಮ್ಮ ಆಷಾಢದ ಅಮಾವಾಸ್ಯೆಯಲ್ಲಿ ಕಾಯಲು ಚಂದ್ರನೇ ಇಲ್ಲ! ಪೂಜೆ ಮುಗಿದರೆ ಊಟ, ಅಷ್ಟೇ. ಬೆಳಿಗ್ಗೆ ಬೇಗ ಕೂತರೆ ಮಧ್ಯಾಹ್ನದೊಳಗೆ ಎಲೆ ಹಾಕಬಹುದು.

ತಡವಾಗುವುದು ತಯಾರಿ ಹಿಂದಿನ ದಿನ ಮಾಡಿಕೊಳ್ಳದಿದ್ದರೆ. ಕೈಗೆ ಕಟ್ಟುವ ಒಂಬತ್ತು ಎಳೆಯ ದಾರಕ್ಕೆ ಅರಿಸಿನ ಹಚ್ಚಿ, ರಾತ್ರಿಯೇ ಒಣಗಿಸಿ, ಒಂಬತ್ತು ಗಂಟು ಹಾಕಿಡಿ. ತಂಬಿಟ್ಟಿನ ದೀಪಕ್ಕೆ ಒಂದು ಲೋಟ ಹುರಿದ ಅಕ್ಕಿಹಿಟ್ಟಿಗೆ ಅರ್ಧ ಲೋಟ ಬೆಲ್ಲ ಸಾಕು. ಬೆಲ್ಲ ಹೆಚ್ಚಾದರೆ ಬತ್ತಿಯ ಬಿಸಿಗೆ ದೀಪ ಕುಸಿಯುತ್ತದೆ, ಕಡಿಮೆಯಾದರೆ ಬಿರುಕು ಬಿಟ್ಟು ತುಪ್ಪ ಸೋರುತ್ತದೆ. ಭಂಡಾರದ, ಅಂದರೆ ಒಳಗೆ ನಾಣ್ಯ ಇಟ್ಟ, ಕಡುಬಿನ ಹಿಟ್ಟು ಗಟ್ಟಿಯಾಗಿರಲಿ. ನೀರಾದರೆ ವ್ರತ ಮಾಡುವವಳ ಅಣ್ಣ ಹೊಸಿಲ ಮೇಲೆ ಮೊಣಕೈಯಿಂದ ಗುದ್ದಿದಾಗ ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ. ಒಳಗಿಟ್ಟ ನಾಣ್ಯಗಳನ್ನು ಎಣಿಸಿಡಿ, ಮಕ್ಕಳು ಕಡುಬಿನ ಜತೆ ನುಂಗಬಾರದು.

ತಟ್ಟೆಯ ಅಕ್ಕಿಯ ಮೇಲೆ ಜೋಡಿ ದೀಪದ ಕಂಬ ನಿಲ್ಲಿಸಿ ಜ್ಯೋತಿರ್ಭೀಮೇಶ್ವರನನ್ನು, ಅಂದರೆ ಶಿವನನ್ನು, ಪೂಜಿಸುವುದು ವ್ರತದ ತಿರುಳು. ಬೆಳ್ಳಿಯ ಕಂಬವೇ ಆಗಬೇಕೆಂದಿಲ್ಲ. ವ್ರತದ ಕತೆಯ ಹುಡುಗಿ ಭಾಗೀರಥಿ ನದಿಯ ದಂಡೆಯಲ್ಲಿ ದೀಪ, ಕಡುಬು ಎರಡನ್ನೂ ಮಣ್ಣಿನಲ್ಲೇ ಮಾಡಿದಳು. ಮದುವೆಯಾದ ಮೇಲೆ ಒಂಬತ್ತು ವರ್ಷ ಮಾಡಿ ಉದ್ಯಾಪನೆ, ಅಂದರೆ ವ್ರತದ ಮುಕ್ತಾಯ, ಮಾಡುವ ರೂಢಿಯಿದೆ. ವರ್ಷಕ್ಕೊಂದು ಬೆಳಗು ಒಬ್ಬರ ಒಳಿತಿಗಾಗಿ ತಡವಾಗಿ ಉಂಡರೆ ಯಾರ ಸ್ವಾತಂತ್ರ್ಯವೂ ಹೋಗದು.

ವಿರೋಧ

ಮಧ್ಯಾಹ್ನದೊಳಗೆ ಮುಗಿಯುತ್ತದೆ ಎನ್ನುವವರು ಅಡುಗೆಮನೆಯ ಲೆಕ್ಕ ಬಿಟ್ಟಿದ್ದಾರೆ. ಹಿಟ್ಟು ಹುರಿದು, ಕಡುಬು ಬೇಯಿಸಿ, ಹಬ್ಬದಡುಗೆ ಇಳಿಸುವವಳೂ ವ್ರತ ಹಿಡಿದವಳೇ, ಅದೂ ಖಾಲಿ ಹೊಟ್ಟೆಯಲ್ಲಿ. ಪುರೋಹಿತರು ತಡವಾದರೆ ಊಟ ಮೂರು ಗಂಟೆಗೆ. ಕಾಫಿ ಬಿಟ್ಟದ್ದಕ್ಕೆ ಹನ್ನೊಂದಕ್ಕೇ ತಲೆ ಸಿಡಿಯುತ್ತಿರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ತಿನ್ನದೆ ಕೂತವಳಿಗೆ ರಕ್ತದ ಸಕ್ಕರೆ ಕುಸಿದು ಬೆವರು, ಕೈನಡುಕ, ಮಂಪರು ಬರಬಹುದು. ಅದನ್ನು ‘ಪೂಜೆಯ ಆಯಾಸ’ ಎಂದು ಮಲಗಿಸಿಬಿಡುವುದು ಅಪಾಯ. ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಗೂ ಉಪವಾಸ ಹೇರಬಾರದು. ‘ಹಾಲು-ಹಣ್ಣು ಪರವಾಗಿಲ್ಲ’ ಎಂದು ಹಿರಿಯರು ಹೇಳುವುದುಂಟು, ಆದರೆ ಹೊಸ ಸೊಸೆ ಅದನ್ನು ಕೇಳಿ ಪಡೆಯಬೇಕು. ಎಷ್ಟು ಮಂದಿ ಕೇಳುತ್ತಾರೆ?

ಹಸಿವು ಚಿಕ್ಕ ಮಾತು, ಬಿಡಿ. ಗಂಡ ಬದುಕಿದ್ದರೆ ವ್ರತ ಫಲಿಸಿತು; ಸತ್ತರೆ? ಬಾಯಿಬಿಟ್ಟು ಹೇಳದಿದ್ದರೂ ಬೆರಳು ಅವಳತ್ತಲೇ ತಿರುಗುತ್ತದೆ. ಮರುವರ್ಷ ಅದೇ ದೀಪದ ಕಂಬದ ಮುಂದೆ ಅವಳಿಗೆ ಮಣೆ ಹಾಕದ ಮನೆಗಳು ಇಂದಿಗೂ ಇವೆ. ಗಂಡನ ಪಾದಪೂಜೆಯೂ ಎಲ್ಲ ಮನೆಗಳ ಪದ್ಧತಿಯಲ್ಲ, ಈಗ ಅದೇ ಮೊಬೈಲಿನಲ್ಲಿ ಮೆರೆಯುತ್ತಿದೆ.

ಮಣ್ಣಿನ ದೀಪ ನೆನಪಿಸುವವರು ಆ ಕತೆಯನ್ನೇ ಪೂರ್ತಿ ಓದಲಿ. ತಂದೆತಾಯಿ ಕಾಶಿಗೆ ಹೋದಾಗ ಹಣದಾಸೆಗೆ ತಂಗಿಯನ್ನು ಸತ್ತ ರಾಜಕುಮಾರನಿಗೆ ಧಾರೆಯೆರೆದವನು ಒಡಹುಟ್ಟಿದ ಅಣ್ಣ. ಭಂಡಾರ ಒಡೆದು ಅವಳ ಗಂಡನನ್ನು ಎಬ್ಬಿಸಿದವರು ಶಿವ-ಪಾರ್ವತಿ. ನಾವು ಮಾತ್ರ ಅದನ್ನು ಒಡೆಯಲು ಅಣ್ಣನನ್ನೇ ಕರೆದು, ಕಾಸೂ ಅವನ ಕೈಗೇ ಕೊಡುತ್ತೇವೆ. ದೀಪ ಹಚ್ಚಲಿ, ಬೇಡವೆನ್ನುವುದಿಲ್ಲ. ಗಂಡನೂ ಪಕ್ಕದಲ್ಲಿ ಕೂತು ಅವಳಿಗೊಂದು ದಾರ ಕಟ್ಟಲಿ, ಇಬ್ಬರೂ ತಿಂಡಿ ತಿಂದ ಮೇಲೆ.