ಹೋಸ್ಟಿನಲ್ಲಿ 300, ಕಂಟೇನರಿನೊಳಗೆ 7200

ನಿನ್ನೆ ನಡುರಾತ್ರಿ ಎರಡು ಗಂಟೆಗೆ ಬಂದ ಫೋನ್ ಕರೆಯ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಸೇವೆಗಳಲ್ಲೊಂದು ಸಂಜೆಯ ವಹಿವಾಟು ಮುಗಿದ ಮೇಲೆ ಡೇಟಾಬೇಸಿನ ಜೊತೆಗಿನ ಸಂಪರ್ಕಗಳನ್ನು ತೆರೆದಿಟ್ಟುಕೊಂಡೇ ಸುಮ್ಮನಿರುತ್ತದೆ. ನಡುವೆ ಇರುವ ಫೈರ್‌ವಾಲ್, ಹತ್ತು ನಿಮಿಷ ಏನೂ ಹರಿಯದ ಸಂಪರ್ಕವನ್ನು ಎರಡೂ ಕಡೆಯವರಿಗೆ ತಿಳಿಸದೆ ತನ್ನ ಪಟ್ಟಿಯಿಂದ ಅಳಿಸಿಹಾಕುತ್ತದೆ. ರಾತ್ರಿಯ ಲೆಕ್ಕ ಶುರುವಾದಾಗ ಸೇವೆಯು ಆ ಸತ್ತ ಸಂಪರ್ಕಗಳ ಮೇಲೆಯೇ ಪ್ರಶ್ನೆಗಳನ್ನು ಕಳುಹಿಸಿ ಉತ್ತರಕ್ಕಾಗಿ ಕಾಯತೊಡಗಿತು. ಹೀಗೆ ಕಾಯುವುದನ್ನು ಲಿನಕ್ಸ್ ತಾನಾಗಿ ಕೈಬಿಡಲು ಹದಿನೈದು ನಿಮಿಷಕ್ಕೂ ಹೆಚ್ಚು ಬೇಕು.

ಪಾಳಿಯಲ್ಲಿದ್ದ ಹುಡುಗ, "ಸರ್, ಕೀಪ್‌ಅಲೈವ್ 300 ಸೆಕೆಂಡ್ ಇದೆ, ಈಗಷ್ಟೇ ನೋಡಿದೆ" ಎಂದ. ಸುಮ್ಮನಿರುವ ಸಂಪರ್ಕ ಇನ್ನೂ ಜೀವಂತವಿದೆಯೇ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ತಟ್ಟಿ ನೋಡುವುದೇ ಕೀಪ್‌ಅಲೈವ್; ಎಷ್ಟು ಹೊತ್ತು ಸುಮ್ಮನಿದ್ದ ಮೇಲೆ ತಟ್ಟಬೇಕು ಎಂಬುದೇ ಆ ಸಂಖ್ಯೆ. ಅವನು ಹೇಳಿದ್ದು ನಿಜವೇ. ಹೋಸ್ಟಿನಲ್ಲಿ, ಅಂದರೆ ಮೂಲ ಯಂತ್ರದಲ್ಲಿ, 300 ಎಂದೇ ಇತ್ತು. ಆದರೆ ಸೇವೆ ಓಡುವುದು ಆ ಯಂತ್ರದ ಮೇಲಿನ ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ. ಎನ್‌ಎಸ್‌ಎಂಟರ್ ಆಜ್ಞೆಯ ಮೂಲಕ ಕಂಟೇನರಿನ ನೆಟ್‌ವರ್ಕ್ ನೇಮ್‌ಸ್ಪೇಸಿಗೆ, ಅಂದರೆ ಅದಕ್ಕೆಂದೇ ಬೇರ್ಪಡಿಸಿದ ನೆಟ್‌ವರ್ಕ್ ಲೋಕಕ್ಕೆ, ಇಳಿದು ಅದನ್ನೇ ಮತ್ತೊಮ್ಮೆ ನೋಡು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇರಲಿಲ್ಲ. ಆಮೇಲೆ ಮೆಲ್ಲಗೆ, "7200" ಎಂದ.

7200 ಸೆಕೆಂಡ್ ಎಂದರೆ ಎರಡು ಗಂಟೆ. ಅಷ್ಟು ಹೊತ್ತು ಸುಮ್ಮನಿದ್ದ ಮೇಲೆ ಕರ್ನಲ್ ಮೊದಲ ಬಾರಿಗೆ ಆಚೆ ಕಡೆಯವರನ್ನು ತಟ್ಟಿ ನೋಡುತ್ತದೆ. ಉತ್ತರ ಬಾರದಿದ್ದರೆ 75 ಸೆಕೆಂಡಿಗೊಮ್ಮೆಯಂತೆ ಒಟ್ಟು ಒಂಬತ್ತು ಬಾರಿ ತಟ್ಟಿದ ನಂತರವೇ ಸಂಪರ್ಕ ಸತ್ತಿದೆ ಎಂದು ಒಪ್ಪಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಮರೆಯುವ ಫೈರ್‌ವಾಲ್ ಎದುರಿಗೆ ಈ ಲೆಕ್ಕದಿಂದ ಯಾವ ಪ್ರಯೋಜನವೂ ಇಲ್ಲ.

ಹೋಸ್ಟಿನ ಕಡತದಲ್ಲಿ ಆ 300ರ ಸಾಲನ್ನು ಬರೆದವನು ನಾನೇ. ಬರೆದಾಗ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಏಕೆಂದರೆ ಆಗ ನಾವು ಬಳಸುತ್ತಿದ್ದ ಹಳೆಯ ಕರ್ನಲ್‌ನಲ್ಲಿ ಕೀಪ್‌ಅಲೈವ್ ಸಮಯವೆಂಬುದು ಇಡೀ ಯಂತ್ರಕ್ಕೆ ಒಂದೇ ಆಗಿತ್ತು. ಹೋಸ್ಟಿನಲ್ಲಿ ಬದಲಿಸಿದ್ದು ಎಲ್ಲ ಕಂಟೇನರುಗಳಿಗೂ ತಾನಾಗಿ ಅನ್ವಯವಾಗುತ್ತಿತ್ತು. 2016ರಲ್ಲಿ ಬಂದ 4.5 ಆವೃತ್ತಿಯಲ್ಲಿ ಅದನ್ನು ನೆಟ್‌ವರ್ಕ್ ನೇಮ್‌ಸ್ಪೇಸಿಗೊಂದರಂತೆ ಬೇರೆ ಮಾಡಿದರು. ಮಾಡಿದ್ದು ಸರಿ, ಒಬ್ಬರ ಕಂಟೇನರಿನ ಅಗತ್ಯಕ್ಕಾಗಿ ಯಂತ್ರದಲ್ಲಿರುವ ಮಿಕ್ಕೆಲ್ಲರ ಸಂಪರ್ಕಗಳ ನಡವಳಿಕೆ ಬದಲಾಗಬಾರದು. ಆದರೆ ಹೊಸದಾಗಿ ಹುಟ್ಟುವ ಪ್ರತಿಯೊಂದು ನೇಮ್‌ಸ್ಪೇಸಿಗೂ ಕರ್ನಲ್ ಹೋಸ್ಟಿನ 300 ಅನ್ನು ಕೊಡದೆ ಮೂಲದ 7200 ಅನ್ನೇ ಕೊಟ್ಟಿತು. ಯಂತ್ರಗಳನ್ನು ಹೊಸ ಕರ್ನಲ್‌ಗೆ ಏರಿಸಿದ ದಿನ ನಮ್ಮ ಕಡತದ ಒಂದಕ್ಷರವೂ ಬದಲಾಗಲಿಲ್ಲ, ಎಚ್ಚರಿಕೆಯ ಒಂದು ಸಾಲೂ ಲಾಗ್‌ನಲ್ಲಿ ಮೂಡಲಿಲ್ಲ, ಆದರೂ ಎಲ್ಲ ಕಂಟೇನರುಗಳ ಕೀಪ್‌ಅಲೈವ್ ಐದು ನಿಮಿಷದಿಂದ ಎರಡು ಗಂಟೆಗೆ ಜಿಗಿಯಿತು. ಏರಿಸಿದ ಮೇಲೆ ಕಂಟೇನರಿನೊಳಗೆ ಹೋಗಿ ನೋಡುವ ಕೆಲಸವನ್ನು ನಾನು ಮಾಡಲಿಲ್ಲ. ಆ ಹುಡುಗನನ್ನು ಗದರಿಸುವ ಹಕ್ಕು ನನಗಿರಲಿಲ್ಲ, ಗದರಿಸಲೂ ಇಲ್ಲ.

ಹೊಸ ನೇಮ್‌ಸ್ಪೇಸ್ ಹೋಸ್ಟಿನಿಂದ ಏನನ್ನೂ ಪಡೆಯುವುದಿಲ್ಲ ಎಂಬುದೊಂದೇ ನಿಯಮವಾಗಿದ್ದರೆ ಕಲಿತು ನಡೆದುಕೊಳ್ಳಬಹುದಿತ್ತು. ಹಾಗೂ ಇಲ್ಲ. ಈ ಸಂಪರ್ಕಗಳನ್ನು ನಡೆಸುವ ನಿಯಮಾವಳಿಯಾದ ಟಿಸಿಪಿಯ ದಟ್ಟಣೆ ನಿಯಂತ್ರಣದ ವಿಧಾನವನ್ನು, 4.15ರಿಂದ ಟಿಸಿಪಿ ಬಫರುಗಳ (ಡೇಟಾ ತಾತ್ಕಾಲಿಕವಾಗಿ ತಂಗುವ ಜಾಗಗಳ) ಮಿತಿಯನ್ನು ಹೊಸ ನೇಮ್‌ಸ್ಪೇಸ್ ಹೋಸ್ಟಿನಿಂದ ನಕಲು ಮಾಡಿಕೊಳ್ಳುತ್ತದೆ. ಕೀಪ್‌ಅಲೈವ್ ಅನ್ನು ಮಾಡಿಕೊಳ್ಳುವುದಿಲ್ಲ. ಸಾಕೆಟ್ (ಸಂಪರ್ಕದ ಪ್ರೋಗ್ರಾಮ್ ಕಡೆಯ ತುದಿ) ಬಫರಿನ ಗರಿಷ್ಠ ಮಿತಿಯ ಕಡತವಂತೂ ಬಹಳ ವರ್ಷಗಳ ಕಾಲ ಕಂಟೇನರಿನೊಳಗೆ ಕಣ್ಣಿಗೇ ಬೀಳುತ್ತಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇಂಟರ್‌ಫೇಸ್ ಸೆಟ್ಟಿಂಗುಗಳ ಕಥೆ: ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿಯಾದ ಐಪಿವಿ4ರ ಭಾಗ ಹೋಸ್ಟನ್ನು ನಕಲು ಮಾಡುತ್ತದೆ, ಹೊಸದಾದ ಐಪಿವಿ6ರ ಭಾಗ ಮೊದಲಿನಿಂದ ಶುರುಮಾಡುತ್ತದೆ. ಈ ಭೇದವನ್ನು ತಿದ್ದಲು 2019ರಲ್ಲಿ ಒಂದು ಸ್ವಿಚ್ ಸೇರಿಸಿದರು; ಅದರಲ್ಲಿ 1 ಎಂದರೆ ಎರಡೂ ನಕಲು, 2 ಎಂದರೆ ಎರಡೂ ಹೊಸದು. ಹಳೆಯ ನಡವಳಿಕೆ ಕೆಡಬಾರದೆಂದು ಅದನ್ನು 0ಯಲ್ಲೇ ಬಿಟ್ಟರು, ಹಾಗಾಗಿ ಯಾರೂ ಮುಟ್ಟದ ಯಂತ್ರದಲ್ಲಿ ಆ ಭೇದ ಇಂದಿಗೂ ಹಾಗೆಯೇ ಇದೆ. ಒಂದು ಸಂಖ್ಯೆಯನ್ನು ಬದಲಿಸುವ ಮೊದಲು ಅದು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯಲು ಕರ್ನಲ್‌ನ ಮೂಲ ಕೋಡ್ ತೆರೆದು ಓದಬೇಕೇ?

"ಅಪ್ಲಿಕೇಶನ್ನೇ ತನ್ನ ಸಾಕೆಟ್ಟಿಗೆ ಕೀಪ್‌ಅಲೈವ್ ಸಮಯವನ್ನು ಹೇಳಿಕೊಳ್ಳಬೇಕು, ಕರ್ನಲ್ ಅನ್ನು ದೂರಬೇಡಿ" ಎಂದು ಬೆಳಿಗ್ಗೆ ಸಭೆಯಲ್ಲಿ ಒಬ್ಬರು ಹೇಳಿದರು. ನಮ್ಮ ಕೈಯಾರೆ ಬರೆದ ಪ್ರೋಗ್ರಾಮಿಗೆ ಈ ಮಾತು ಸಲ್ಲುತ್ತದೆ. ನಿನ್ನೆ ಸಿಕ್ಕಿಹಾಕಿಕೊಂಡದ್ದು ಡೇಟಾಬೇಸಿನ ಜೊತೆ ಮಾತಾಡಲು ಬೇರೆಯವರು ಸಿದ್ಧಪಡಿಸಿ ಕೊಟ್ಟ ಡ್ರೈವರ್. ಅದು ಕೀಪ್‌ಅಲೈವ್ ಬೇಕು ಎಂದಷ್ಟೇ ಹೇಳಿ, ಎಷ್ಟು ಹೊತ್ತಿಗೆ ಎಂಬುದನ್ನು ಕರ್ನಲ್‌ಗೆ ಬಿಟ್ಟಿದೆ. ಹಾಗೆ ಬಿಡಲು ಅವಕಾಶವಿದೆ ಎಂದ ಮೇಲೆ, ಕರ್ನಲ್ ಕೊಡುವ ಉತ್ತರ ಏನೆಂಬುದು ಯಂತ್ರ ನೋಡಿಕೊಳ್ಳುವವನಿಗೆ ಮೊದಲೇ ಗೊತ್ತಿರಬೇಕು.

ದುರಸ್ತಿ ಮಾತ್ರ ಚಿಕ್ಕದು. ನಮ್ಮ ಕಂಟೇನರುಗಳನ್ನು ಓಡಿಸುವ ವ್ಯವಸ್ಥೆ ಕುಬರ್ನೆಟಿಸ್. ಅದರಲ್ಲಿ ಪಾಡ್‌ನ (ಒಟ್ಟಿಗೆ ಓಡುವ ಕಂಟೇನರುಗಳ ಗುಂಪಿನ) ವಿವರ ಬರೆಯುವ ಯಾಮಲ್ ಕಡತದ ಸೆಕ್ಯುರಿಟಿ ಕಾಂಟೆಕ್ಸ್ಟ್ ಭಾಗದಲ್ಲಿ ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಹೆಸರು, ಅದರ ಮುಂದೆ 300. ಕುಬರ್ನೆಟಿಸ್ 1.29ರಿಂದ, ಅಂದರೆ 2023ರ ಡಿಸೆಂಬರಿನಿಂದ, ಕೀಪ್‌ಅಲೈವ್ ಸಮಯವು ಸುರಕ್ಷಿತ ಪಟ್ಟಿಯಲ್ಲಿದೆ. ಯಾರ ಅನುಮತಿಯೂ ಬೇಕಿಲ್ಲ. ಕರ್ನಲ್ ಅದನ್ನು ಬೇರೆ ಮಾಡಿದ ಏಳು ವರ್ಷಗಳ ಮೇಲೆ ಆ ಪಟ್ಟಿಗೆ ಸೇರಿತು ಎಂಬುದನ್ನು ಹೇಳದೆ ಇರಲಾರೆ. ಅಷ್ಟು ವರ್ಷ ಜನರು ಈ ಒಂದು ಸಂಖ್ಯೆಗಾಗಿ ಕ್ಲಸ್ಟರ್ (ಈ ಯಂತ್ರಗಳ ಇಡೀ ಗುಂಪು) ನೋಡಿಕೊಳ್ಳುವವರ ಬಳಿ ವಿಶೇಷ ಅನುಮತಿ ಕೇಳಬೇಕಾಗಿತ್ತು, ಇಲ್ಲವೇ ಪೂರ್ಣ ಅಧಿಕಾರದ ಒಂದು ಕಂಟೇನರನ್ನು ಮೊದಲು ಓಡಿಸಿ ಅದರಿಂದ ಬರೆಸಬೇಕಾಗಿತ್ತು. ಒಂದು ಟೈಮರ್ ಬದಲಿಸಲು ಯಂತ್ರದ ಬೀಗದಕೈಗಳ ಇಡೀ ಗೊಂಚಲನ್ನೇ ಕೊಡುವ ಆ ಪದ್ಧತಿಯನ್ನು ನಾನು ಯಾವತ್ತೂ ಒಪ್ಪಲಿಲ್ಲ.

ಮಧ್ಯಾಹ್ನ ಹೊಸ ಪಾಡ್‌ಗಳು ಎದ್ದ ಮೇಲೆ ಆ ಹುಡುಗ ತಾನಾಗಿಯೇ ಕಂಟೇನರಿನೊಳಗೆ ಇಳಿದು ನೋಡಿ, 300 ಎಂದು ತೋರಿಸುವ ಪರದೆಯ ಚಿತ್ರವನ್ನು ಕಳುಹಿಸಿದ. ಅದರ ಕೆಳಗೆ ಇನ್ನೊಂದು ಚಿತ್ರವಿತ್ತು. ಹಳೆಯ ಕರ್ನಲ್ ಇರುವ ಒಂದು ಯಂತ್ರದ ಕಂಟೇನರಿನಲ್ಲಿ ಓಡಿಸಿದ, ಸಂಪರ್ಕಗಳನ್ನು ಪಟ್ಟಿಮಾಡುವ ಎಸ್‌ಎಸ್ ಆಜ್ಞೆಯ ಫಲಿತಾಂಶ ಅದು: ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತನ್ನ ಬಾಗಿಲಲ್ಲಿ ಕಾಯುವ ಹೊಸ ಸಂಪರ್ಕಗಳ ಸಾಲಿಗೆ 511 ಜಾಗ ಕೇಳಿದೆ, ಸಿಕ್ಕಿರುವುದು 128. ಹೋಸ್ಟಿನಲ್ಲಿ ಅದೇ ಮಿತಿ 4096 ಇದೆ. ಸೋಮ್ಯಾಕ್ಸ್‌ಕಾನ್ ಎಂಬ ಆ ಸಂಖ್ಯೆ ಸುರಕ್ಷಿತ ಪಟ್ಟಿಯಲ್ಲಿ ಇಲ್ಲದ ಕಾರಣ ಕ್ಲಸ್ಟರ್ ತಂಡಕ್ಕೆ ಅನುಮತಿ ಕೋರಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.